ಅಕ್ಕನ ಪಾಲನ್ನೂ ಉಂಡವಳು

ಕಾಯಿಲೆ ಬಿದ್ದವಳು ನನ್ನ ಅಕ್ಕ ಗಿರಿಜೆ. ನನಗೆ ಏನೂ ಆಗಿರಲಿಲ್ಲ. ಇದನ್ನು ನಮ್ಮ ನೆಂಟರಿಷ್ಟರು ಇವತ್ತಿಗೂ ನೆನಪು ಮಾಡಿಕೊಡುತ್ತಾರೆ, ನಾನೇನೋ ಮರೆತುಬಿಡುತ್ತೇನೆ ಎಂಬಂತೆ. "ನಿಂಗೇನಾಗಿತ್ತು ಬಿಡು ನೀಲಾ, ಗುಂಡುಕಲ್ಲಂಗಿದ್ದೆ" ಎನ್ನುತ್ತಾರೆ. ಗುಂಡುಕಲ್ಲಿನ ಹಾಗೆ ಇದ್ದದ್ದು ನಿಜ. ಹಾಗಾದದ್ದು ಹೇಗೆ ಎಂದು ಕೇಳಿದವರು ಮಾತ್ರ ಅವರಲ್ಲಿ ಯಾರೂ ಇಲ್ಲ. ಈಚೆಗೆ ಪರಿಚಯದ ಒಬ್ಬ ತಾಯಿ ಬಂದು, ದೊಡ್ಡ ಮಗಳು ಊಟ ಬಿಟ್ಟಿದ್ದಾಳೆಂದು ಒಂದು ಗಂಟೆ ಅತ್ತರು. ಚಿಕ್ಕವಳು ಹೇಗಿದ್ದಾಳೆ ಎಂದು ಕೇಳಿದೆ. "ಅವಳದೇನೂ ತೊಂದರೆಯಿಲ್ಲ, ಕೊಟ್ಟಿದ್ದು ತಿಂದುಕೊಂಡು ಇರ್ತಾಳೆ" ಎಂದರು. ಆ ಮಾತು ಕೇಳಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಅಜ್ಜಂಪುರದ ಪೇಟೆ ಬೀದಿಯಲ್ಲಿ ಅಪ್ಪನದು ಜವಳಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅಪ್ಪ, ಅವ್ವ, ಅಣ್ಣ ರೇವಣ್ಣ, ಅಕ್ಕ ಮತ್ತು ನಾನು. ಆಗ ಎಪ್ಪತ್ತರ ದಶಕ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಅಕ್ಕ ದಿನಾ ರೈಲಿನಲ್ಲಿ ಕಡೂರಿಗೆ ಹೋಗಿಬಂದು ಪಿಯುಸಿ ಓದುತ್ತಿದ್ದಳು. ನಾನು ಊರಿನಲ್ಲೇ ಹೈಸ್ಕೂಲು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಪೂಜೆ ಆಗದೆ ಹನಿ ನೀರು ಬಾಯಿಗೆ ಬೀಳುವಂತಿಲ್ಲ. ಅಂಗೈಯ ಲಿಂಗಕ್ಕೆ ತೋರಿಸಿದ ಮೇಲೆ ತಟ್ಟೆಯಲ್ಲಿರುವುದು ಅನ್ನವಲ್ಲ, ಪ್ರಸಾದ. ಪ್ರಸಾದವನ್ನು ಬಿಟ್ಟೇಳುವಂತಿಲ್ಲ. ಕೊನೆಯ ಅಗುಳಿನವರೆಗೆ ಉಂಡು, ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು ಆ ನೀರನ್ನೂ ಕುಡಿಯಬೇಕು. ಇದನ್ನು ನಾನು ಹೀಯಾಳಿಸುತ್ತಿಲ್ಲ. ಅನ್ನ ಚೆಲ್ಲಬೇಡಿ ಎಂದವರು ತಿಳಿದವರೇ ಇರಬೇಕು. ಆ ನೇಮ ನಮ್ಮ ಮನೆಯವರ ಕೈಗೆ ಸಿಕ್ಕಿ ಏನಾಯಿತು ಎಂಬುದು ಬೇರೆ ಮಾತು.

ಶುರುವಾದದ್ದು ಶ್ರಾವಣ ಸೋಮವಾರದ ಒಪ್ಪತ್ತಿನಿಂದ. ದಿನಕ್ಕೆ ಒಂದೇ ಹೊತ್ತು ಊಟ. ಒಳ್ಳೆಯ ಗಂಡ ಸಿಗಲಿ ಎಂದು ಊರಿನ ಅರ್ಧ ಹುಡುಗಿಯರು ಹಾಗೆ ಮಾಡುತ್ತಿದ್ದರು, ಮಾರನೆಯ ದಿನ ಅದಕ್ಕೆ ಬಡ್ಡಿ ಸೇರಿಸಿ ತಿನ್ನುತ್ತಿದ್ದರು. ಶ್ರಾವಣ ಮುಗಿಯಿತು, ಅಕ್ಕನ ಸೋಮವಾರ ಮುಗಿಯಲಿಲ್ಲ. ಅದಕ್ಕೆ ಗುರುವಾರ ಸೇರಿತು, ಆಮೇಲೆ ಶನಿವಾರ. ದೀಪಾವಳಿ ಹೊತ್ತಿಗೆ ವಾರವೆಲ್ಲ ಒಪ್ಪತ್ತೇ.

ಯಾಕೆ ಹೀಗಾಯಿತು ಎಂದು ಆಮೇಲೆ ಎಲ್ಲರೂ ಕಾರಣ ಹುಡುಕಿದರು. ಕಾರಣ ಹೇಳುವುದರಲ್ಲಿ ನಮ್ಮವರದು ಎತ್ತಿದ ಕೈ. ಕಡೂರಿನಿಂದ ಹೆಣ್ಣು ನೋಡಲು ಬಂದವರು "ಹುಡುಗಿ ಒಸಿ ಮೈ ತುಂಬ್ಕೊಂಡವಳೆ" ಅಂದದ್ದೇ ಕಾರಣ ಎಂದರು ಕೆಲವರು. ಆ ಮಾತು ಆಡಿದ ಹೆಂಗಸು ಅದೇ ಹೊತ್ತಿಗೆ ಮೂರನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದಳು. ಆದರೆ ಅವರು ಬಂದದ್ದು ಕಾರ್ತೀಕದಲ್ಲಿ, ಅಕ್ಕ ಊಟ ಕಡಿಮೆ ಮಾಡಿ ಆಗಲೇ ತಿಂಗಳುಗಳಾಗಿದ್ದವು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದರೆ ಹೀಗೇ ಎಂದರು ಇನ್ನು ಕೆಲವರು. ರೈಲಿನ ಇದ್ದಿಲ ಹೊಗೆ ಹೊಟ್ಟೆಗೆ ಹೋಗಿ ಹಸಿವು ಸತ್ತಿದೆ ಎಂದವರೂ ಉಂಟು. ಕಾರಣ ನನಗೂ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವಷ್ಟು ಮರ್ಯಾದೆ ನಮ್ಮಿಬ್ಬರಿಗಾದರೂ ಇದೆ.

ಗಂಡಸರು ಮೊದಲು ಉಂಡು ಪಡಸಾಲೆಗೆ ಹೋಗುತ್ತಿದ್ದರು. ಆಮೇಲೆ ಅಕ್ಕ ಮತ್ತು ನಾನು ಅಡುಗೆಮನೆಯಲ್ಲಿ ಕೂರುತ್ತಿದ್ದೆವು, ಅವ್ವ ಬಡಿಸುತ್ತಿದ್ದಳು. ಅಕ್ಕ ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ, ಚೂರನ್ನು ಇನ್ನೂ ಚೂರು ಮಾಡಿ, ಕಾಳನ್ನು ಒಂದು ಕಡೆ, ಸೊಪ್ಪನ್ನು ಒಂದು ಕಡೆ ಸರಿಸಿ, ನಾನು ಉಂಡು ಮುಗಿಸುವವರೆಗೆ ಕಾಯುತ್ತಿದ್ದಳು. ಆಮೇಲೆ ಅವಳ ತಟ್ಟೆಯದೆಲ್ಲ ನನ್ನ ತಟ್ಟೆಗೆ.

"ತಿನ್ನೇ, ನೀನು ಬೆಳೆಯೋಳು."

"ನಂಗೆ ಸಾಕು ಕಣಕ್ಕ."

"ಪ್ರಸಾದ ಕೆಡಿಸ್ಬಾರ್ದು ಕಣೇ. ಗೊತ್ತಾಗಲ್ವಾ ನಿಂಗೆ?"

ನಾನು ತಿನ್ನುತ್ತಿದ್ದೆ. ಅವಳು ಖಾಲಿ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಎರಡೂ ಕೈಯಲ್ಲಿ ಎತ್ತಿ ಕುಡಿಯುತ್ತಿದ್ದಳು. ಪಡಸಾಲೆಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತ ಅಪ್ಪನಿಗೆ ಬಾಗಿಲಿನಿಂದ ಕಾಣುತ್ತಿದ್ದದ್ದು ಅದೊಂದೇ. ತಟ್ಟೆ ತೊಳೆದು ಕುಡಿದಳೆಂದರೆ ಮಗಳು ಉಂಡಳು ಎಂದು ಲೆಕ್ಕ. ಹಲವು ದಿನ ಆ ನೀರಿನ ಹೊರತು ಅವಳ ಹೊಟ್ಟೆಗೆ ಏನೂ ಹೋಗುತ್ತಿರಲಿಲ್ಲ.

ಅವ್ವನಿಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಬಡಿಸುವವಳಿಗೆ ಗೊತ್ತಾಗದೆ ಇರುತ್ತದೆಯೇ. ಮೊದಮೊದಲು ಅಕ್ಕನನ್ನು ಬೈದಳು, ತಲೆ ಸವರಿದಳು, ಕೈತುತ್ತು ಹಿಡಿದು ಕೂತಳು. ಯಾವುದೂ ನಡೆಯದಿದ್ದಾಗ, ಅಕ್ಕ ಎದ್ದು ಹೋದ ಮೇಲೆ ಅವಳು ಸುರಿದುಹೋದ ತಟ್ಟೆಯನ್ನು ನನ್ನ ಮುಂದೆ ತಳ್ಳಿ "ಮುಗಿಸ್ಬಿಡವ್ವಾ" ಎನ್ನಲು ಶುರುಮಾಡಿದಳು. ಒಬ್ಬ ಮಗಳಿಗೆ ಬಡಿಸಿದ್ದು ಇನ್ನೊಬ್ಬ ಮಗಳ ಹೊಟ್ಟೆಗಾದರೂ ಹೋಯಿತು ಎಂಬ ಸಮಾಧಾನ. ಅವ್ವನ ಮೇಲೆ ನನಗೆ ಪ್ರೀತಿಯಿದೆ. ಆದರೂ ಆ ಸಮಾಧಾನದ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಇಷ್ಟಕ್ಕೇ ನಿಂತಿದ್ದರೆ ನಮ್ಮದೊಂದು ಮನೆಯ ಗೋಳು ಅನ್ನಬಹುದಿತ್ತು. ಹಿರೇನಲ್ಲೂರಿನಿಂದ ಅಪ್ಪನ ಅಕ್ಕ, ನಮ್ಮ ಮಲ್ಲಮ್ಮತ್ತೆ ಬಂದಳು. ಅವಳು ಬಂದು ಅಕ್ಕನ ಕೆನ್ನೆಯ ಮೂಳೆ, ಒಳಕ್ಕೆ ಹೋದ ಕಣ್ಣು, ಗಂಟೆಗಟ್ಟಲೆ ಕೂರುತ್ತಿದ್ದ ಪೂಜೆ ಇವನ್ನೆಲ್ಲ ನೋಡಿ ಒಂದು ತೀರ್ಮಾನಕ್ಕೆ ಬಂದಳು.

"ಲೇ ತಮ್ಮಾ, ಇದು ಸಾಮಾನ್ಯ ಹೆಣ್ಣಲ್ಲ ಕಣೋ. ಒಪ್ಪತ್ತು ಪ್ರಸಾದದಾಗೆ ಜೀವ ಹಿಡ್ಕೊಂಡವಳೆ ಅಂದ್ರೆ ಏನು? ಮುಖದಾಗೆ ಕಳೆ ನೋಡು. ಶರಣೆ ಕಣೋ ಇವ್ಳು."

ಆ ಕಳೆ ರಕ್ತವಿಲ್ಲದ ಬಿಳುಪು. ಹಸುವಿಗೆ ಕಾಯಿಲೆಯಾದರೆ ಅತ್ತೆಗೆ ಅದರ ಕಣ್ಣಿನ ರೆಪ್ಪೆ ಮಗುಚಿ ನೋಡಿ ಹೇಳಲು ಬರುತ್ತಿತ್ತು. ತಮ್ಮನ ಮಗಳ ವಿಷಯದಲ್ಲಿ ಮಾತ್ರ ಸಾಕ್ಷಾತ್ ಶಿವನೇ ಕಂಡ. ಅಪ್ಪನಿಗೆ ಈ ಮಾತು ಬಹಳ ಹಿತವಾಯಿತು. ಮಗಳಿಗೆ ಕಾಯಿಲೆ ಎಂದರೆ ಮದುವೆ ನಿಲ್ಲುತ್ತದೆ, ಮಗಳು ಶರಣೆ ಎಂದರೆ ಅಂಗಡಿಗೂ ಗೌರವ. ಅಪ್ಪ ಕೆಟ್ಟವನಲ್ಲ. ಹಿತವಾದ ಸುಳ್ಳು ಮತ್ತು ಕಹಿಯಾದ ನಿಜ ಎರಡನ್ನೂ ಮುಂದಿಟ್ಟರೆ ಯಾವುದನ್ನು ಎತ್ತಿಕೊಳ್ಳಬೇಕೆಂದು ಅವನಿಗೆ ಕ್ಷಣವೂ ಅನುಮಾನವಾಗುತ್ತಿರಲಿಲ್ಲ, ಅಷ್ಟೇ.

ಸುದ್ದಿ ಹಬ್ಬಿತು. ಸೋಮವಾರ ಬಂದರೆ ಹೆಂಗಸರು ಬಂದು ಪಡಸಾಲೆಯಲ್ಲಿ ಕೂರತೊಡಗಿದರು. ನನ್ನ ಹದಿನೇಳು ವರ್ಷದ ಅಕ್ಕನ ಕಾಲಿಗೆ ಮೊಮ್ಮಕ್ಕಳನ್ನು ಕಂಡವರು ಬಿದ್ದರು. ಮಕ್ಕಳಾಗದವರು ಬಂದರು, ಎಮ್ಮೆ ಕಳೆದವರು ಬಂದರು, ಕೋರ್ಟಿನಲ್ಲಿ ವ್ಯಾಜ್ಯವಿದ್ದವರು ಬಂದರು. ಎಮ್ಮೆದೊಡ್ಡಿ ಕಡೆಯ ಒಬ್ಬ ಮುದುಕಿ ಗಡಿಗೆ ತುಂಬ ತುಪ್ಪ ಹೊತ್ತು ತಂದಳು. ಊಟ ಬಿಟ್ಟವಳಿಗೆ ತುಪ್ಪದ ಕಾಣಿಕೆ. ಆ ತುಪ್ಪವನ್ನು ತಿಂದದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಬಂದವರಿಗೆಲ್ಲ ಅವ್ವ ಉಪ್ಪಿಟ್ಟು ಕಾಫಿ ಮಾಡಿ ಕೊಡಬೇಕಾಗಿತ್ತು. ಉಪವಾಸದ ಮಹಿಮೆ ನೋಡಲು ಬಂದ ಅಷ್ಟು ಜನರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ.

ಅಕ್ಕನಿಗೆ ಇದು ಬೇಕಿತ್ತೇ ಎಂದರೆ, ಪೂರ್ತಿ ಬೇಡವೂ ಇರಲಿಲ್ಲ. ಅವಳನ್ನೂ ನಾನು ಸುಮ್ಮನೆ ಬಿಡುವುದಿಲ್ಲ. ಕಣ್ಣು ಮುಚ್ಚಿ, ಮೆಲ್ಲಗೆ ತಲೆಯಾಡಿಸಿ, ವಿಭೂತಿ ಕೊಡುವುದನ್ನು ಬಲುಬೇಗ ಕಲಿತಳು. ಯಾರೂ ತಿನ್ನು ಎಂದು ಪೀಡಿಸದ ಜಾಗ ಅದೊಂದೇ ಎಂದು ಆಮೇಲೆ ಹೇಳಿದಳು. ಆಗ ನನಗೆ ಕಂಡದ್ದು ಇಷ್ಟೇ: ಅವಳು ಬಿಟ್ಟದ್ದನ್ನು ತಿನ್ನುವವಳು ನಾನು, ಕಾಲಿಗೆ ಬೀಳಿಸಿಕೊಳ್ಳುವವಳು ಅವಳು.

"ಅಕ್ಕ ಹಿಂಗೆ, ತಂಗಿ ಹಂಗೆ" ಎಂದು ಬಂದವರು ನನ್ನನ್ನು ನೋಡಿ ನಗುತ್ತಿದ್ದರು. ನನ್ನ ರವಿಕೆಗಳ ಹೊಲಿಗೆಯನ್ನು ಅವ್ವ ಬಿಚ್ಚಿ ಬಿಚ್ಚಿ ಹಿಗ್ಗಿಸಿದಳು. ಸ್ಕೂಲಿನಲ್ಲಿ ಓಡುವುದನ್ನು ಬಿಟ್ಟೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹಸಿವು ಅಂದರೆ ಏನೆಂಬುದೇ ನನಗೆ ಮರೆತುಹೋಯಿತು. ಹೊಟ್ಟೆ ಖಾಲಿಯಾಗುವ ಮೊದಲೇ ಮುಂದಿನ ಊಟ ಎದುರಿಗಿರುತ್ತಿತ್ತು. ಒಂದೇ ಕಾಯಿಲೆ ಇಬ್ಬರ ಹಸಿವನ್ನೂ ತಿಂದಿತ್ತು, ಊರಿನವರಿಗೆ ಒಬ್ಬಳದು ಮಾತ್ರ ಕಾಣುತ್ತಿತ್ತು.

ಅಣ್ಣ ರೇವಣ್ಣ ತನ್ನ ದಾರಿ ತಾನು ನೋಡಿಕೊಂಡ. ಮೊದಲು ಪೇಟೆಯ ಹೋಟೆಲಿನಲ್ಲಿ ಉಂಡು ಬರತೊಡಗಿದ, ಆಮೇಲೆ ಸಿಂಗಟಗೆರೆಯ ಸೋದರಮಾವನ ಮನೆಯಲ್ಲಿ ತೆಂಗಿನ ತೋಟ ನೋಡಿಕೊಳ್ಳುತ್ತೇನೆ ಎಂದು ಹೋಗಿಬಿಟ್ಟ. ಹೋಗುವ ದಿನ ನನಗೆ ಹೇಳಿದ: "ಈ ಮನೇಲಿ ಊಟಕ್ಕೆ ಕೂತ್ರೆ ಸೂತಕದ ಮನೇಲಿ ಕೂತಂಗಾಗ್ತದೆ ಕಣೇ. ನನ್ ಕೈಲಾಗಲ್ಲ." ತೆಂಗಿನ ಮರ ಹತ್ತಲು ಧೈರ್ಯವಿದ್ದ ಗಂಡಸಿಗೆ ತಂಗಿಯ ಎದುರು ಕೂತು ಉಣ್ಣಲು ಧೈರ್ಯ ಸಾಲಲಿಲ್ಲ. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಸೂತಕ ಎಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಒಂದು ದಿನ ಎಣ್ಣೆಸ್ನಾನಕ್ಕೆ ಅಕ್ಕನ ಬೆನ್ನು ಉಜ್ಜಲು ಅವ್ವ ನನ್ನನ್ನು ಕಳಿಸಿದಳು. ಬಹಳ ದಿನದಿಂದ ಅವಳು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದಳು. ಬೆನ್ನು ನೋಡಿ ನನ್ನ ಕೈ ನಿಂತಿತು. ಒಂದೊಂದು ಮೂಳೆಯೂ ಬೇರೆಬೇರೆಯಾಗಿ ಎದ್ದಿತ್ತು. ತಲೆಗೆ ನೀರು ಹಾಕಿದರೆ ಕೂದಲು ಹಿಡಿಹಿಡಿಯಾಗಿ ನನ್ನ ಬೆರಳಿಗೆ ಬಂತು. "ಯಾರ್ಗೂ ಹೇಳ್ಬೇಡ" ಎಂದಳು. ಅಕ್ಕ ಸಾಯುತ್ತಾಳೆ ಎಂದು ನನಗೆ ಆವತ್ತು ಖಚಿತವಾಯಿತು. ಎಷ್ಟು ಭಯವಾಯಿತೆಂದರೆ ಆ ದಿನ ಅವಳ ಪಾಲನ್ನೂ ನನ್ನ ಪಾಲನ್ನೂ ಅಳುತ್ತಾ ತಿಂದೆ. ತಿನ್ನುವುದು ಬಿಟ್ಟು ಬೇರೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅಷ್ಟರಲ್ಲಿ ಅತ್ತೆ ಮುಂದಿನ ಹೆಜ್ಜೆ ಇಟ್ಟಿದ್ದಳು. ನಮ್ಮ ಮನೆತನದ ಮಠದ ಸ್ವಾಮಿಗಳ ಬಿನ್ನಹಕ್ಕೆ, ಅಂದರೆ ಅವರನ್ನು ಮನೆಗೆ ಕರೆಸಿ ಪಾದಪೂಜೆ ಮಾಡಿ ಉಣಬಡಿಸುವುದಕ್ಕೆ, ಏರ್ಪಾಡಾಯಿತು. ಊಟವಾದ ಮೇಲೆ ಅಕ್ಕನನ್ನು ಮಠಕ್ಕೆ ಒಪ್ಪಿಸಿಬಿಡುವ ಮಾತು ಎತ್ತುವುದು ಅತ್ತೆಯ ಯೋಚನೆ. ಮಠದ ಹಿಂದೆ ಒಂದು ಕೋಣೆ ಕಟ್ಟಿಸಿದರೆ ಅಕ್ಕ ಅಲ್ಲಿ ಪೂಜೆ ಮಾಡಿಕೊಂಡು ಇರುತ್ತಾಳೆ, ಊಟದ ಚಿಂತೆಯಿಲ್ಲ. ಅತ್ತೆ ಹೀಗೆ ಹೇಳುವಾಗ ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಅವ್ವನ ಕೈ ನಿಂತಿತು, ಮತ್ತೆ ಓಡಿತು. ಅಲ್ಲಿ ಅಕ್ಕನ ಪಕ್ಕ ಕೂತು ತಿನ್ನಲು ನಾನೂ ಇರುವುದಿಲ್ಲ, ಬೈಯಲು ಅವ್ವನೂ ಇರುವುದಿಲ್ಲ. ಒಂದು ತಿಂಗಳೂ ಉಳಿಯುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ.

ಸ್ವಾಮಿಗಳಿಗೆ ಮೂರು ಕಾಲಿನ ಅಡ್ಡಣಿಗೆಯ ಮೇಲೆ ಕಂಚಿನ ತಟ್ಟೆ ಇಟ್ಟರು. ಆವತ್ತು ಮೊದಲ ಸಲ ಅಕ್ಕನನ್ನೂ ನನ್ನನ್ನೂ ಪಡಸಾಲೆಯಲ್ಲೇ, ಎಲ್ಲರ ಎದುರು ಕೂರಿಸಿದರು. ಅತ್ತೆಯೇ ಬಡಿಸಿದಳು. ಹೋಳಿಗೆ, ಕೋಸಂಬರಿ, ಚಿತ್ರಾನ್ನ, ಅನ್ನದ ಮೇಲೆ ಆ ಎಮ್ಮೆದೊಡ್ಡಿಯ ತುಪ್ಪ. ಅಕ್ಕ ಎಂದಿನಂತೆ ಚೂರು ಮಾಡಿದಳು, ಸರಿಸಿದಳು, ಕಣ್ಣು ಮುಚ್ಚಿದಳು. ಎಲ್ಲರೂ ಏಳುವ ಹೊತ್ತಾಯಿತು. ಅಷ್ಟು ಜನರ ಎದುರು ತಟ್ಟೆಯನ್ನು ನನ್ನ ತಟ್ಟೆಗೆ ಬಗ್ಗಿಸಲು ಅವಳಿಗೆ ಆಗಲಿಲ್ಲ. ಮೊಣಕೈಯಿಂದ ನನ್ನನ್ನು ತಿವಿದಳು.

ಅತ್ತೆ ಅದನ್ನು ಕಂಡಳು. "ನೀಲಾ, ಅಕ್ಕಂದು ಮುಗ್ಸವ್ವಾ. ಪ್ರಸಾದ ಬಿಡ್ಬಾರ್ದು."

"ಮುಗ್ಸಲ್ಲ" ಎಂದೆ. "ಅದು ಅವಳ ತಟ್ಟೆ."

ನಾನು ದೊಡ್ಡದೊಂದು ಯೋಚನೆ ಮಾಡಿ ಹಾಗೆಂದೆ ಎಂದು ಹೇಳಿಕೊಳ್ಳಬಹುದು, ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ನನಗೆ ಕುತ್ತಿಗೆಯವರೆಗೆ ತುಂಬಿತ್ತು. ಅಕ್ಕನನ್ನು ಕಳಿಸಿಬಿಡುತ್ತಾರೆಂಬ ಭಯ ಮತ್ತು ನಾಲ್ಕು ಹೋಳಿಗೆ ಎರಡೂ ಸೇರಿ ಆ ಮಾತು ಹೊರಗೆ ಬಂತು.

"ಪಾಪ ಬತ್ತದೆ ಕಣೇ" ಎಂದಳು ಅತ್ತೆ.

"ಹಂಗಾದ್ರೆ ನೀವೇ ತಿನ್ನಿ ಅತ್ತೆ. ನಾನು ಒಂದ್ ವರ್ಷದಿಂದ ತಿಂದಿದೀನಿ."

ಎಲ್ಲರ ಕಣ್ಣೂ ಅಕ್ಕನ ತಟ್ಟೆಯ ಮೇಲೆ ಬಿತ್ತು. ಹೋಳಿಗೆ ಚೂರುಚೂರಾಗಿ ಹಾಗೇ ಇತ್ತು. ಅನ್ನದ ಮೇಲೆ ತುಪ್ಪ ಗಟ್ಟಿಯಾಗಿತ್ತು. ಪಂಕ್ತಿಯಲ್ಲಿ ಕೂತವರಿಗೆ ಆದ ಆಘಾತ ಏನು ಗೊತ್ತೇ? ಸ್ವಾಮಿಗಳ ಎದುರು ಪ್ರಸಾದ ಬಿಟ್ಟರಲ್ಲಾ ಎಂದು. ತಟ್ಟೆಯ ಹಿಂದೆ ಕೂತಿದ್ದ ಹುಡುಗಿಯ ಮಣಿಕಟ್ಟು ಸೌಟಿನ ಹಿಡಿಯಷ್ಟು ತೆಳ್ಳಗಾದದ್ದು ಆಗಲೂ ಅವರಿಗೆ ಕಾಣಲಿಲ್ಲ.

ಅಪ್ಪನಿಗೆ ಮಾತ್ರ ಕಂಡಿತು. "ದಿನಾ ಹಿಂಗೇ ಬಿಡ್ತಾಳಾ?" ಎಂದು ಕೇಳಿದ. ನನ್ನನ್ನಲ್ಲ, ಅವ್ವನನ್ನು.

"ದಿನಾ" ಎಂದಳು ಅವ್ವ. "ನೀಲಾ ತಿಂತಾಳೆ. ಇವ್ಳು ತಟ್ಟೆ ತೊಳ್ದು ಕುಡೀತಾಳೆ. ನೀವು ನೋಡೋದು ಅದು."

ಸ್ವಾಮಿಗಳು ತಮ್ಮ ತಟ್ಟೆಗೆ ನೀರು ಹಾಕಿಕೊಳ್ಳುತ್ತಾ, "ಮೊದ್ಲು ಡಾಕ್ಟ್ರಿಗೆ ತೋರ್ಸಪ್ಪಾ. ಮಠದ ಮಾತು ಆಮ್ಯಾಲೆ" ಎಂದರು. ಇದನ್ನೇ ಮಹಾ ಜ್ಞಾನದ ಮಾತೆಂದು ನಮ್ಮವರು ಆಮೇಲೆ ಊರೂರಿಗೆ ಹೇಳಿಕೊಂಡು ತಿರುಗಿದರು. ಮಠದ ಹಿತ್ತಿಲಲ್ಲಿ ಒಂದು ಹೆಣ ಬೀಳುವುದು ಯಾವ ಸ್ವಾಮಿಗೂ ಬೇಕಿರುವುದಿಲ್ಲ ಎಂದು ನನ್ನ ಅಭಿಪ್ರಾಯ. ಶಾಲು ಹೊದ್ದು, ಕಾಣಿಕೆ ತೆಗೆದುಕೊಂಡು ಹೋದರು. ಆದರೂ ಆ ಒಂದು ಮಾತಿಗೆ ಅವರಿಗೆ ಅಡ್ಡಬೀಳುತ್ತೇನೆ. ಅವ್ವ ವರ್ಷವಿಡೀ ಹೇಳಿದ್ದರೂ ಅಪ್ಪನ ಕಿವಿಗೆ ಹೋಗುತ್ತಿರಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ತರೀಕೆರೆಯ ಆಸ್ಪತ್ರೆಗೆ ಹೋದೆವು. ಬೆಂಚಿನ ಮೇಲೆ ಕಾದು ಕೂತಾಗ ಪಕ್ಕದ ಹೆಂಗಸು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಅಕ್ಕ ತಂಗೀನಾ? ಇಬ್ಬರ್ಗೂ ಸಮನಾಗಿ ಹಂಚ್ಬಾರ್ದೇನವ್ವಾ" ಎಂದು ಅವ್ವನಿಗೆ ಬುದ್ಧಿ ಹೇಳಿದಳು. ಅಕ್ಕ ಕಿಸಕ್ಕನೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನನಗೂ ನಗು ಬಂತು. ಅವ್ವ ಇಬ್ಬರನ್ನೂ ಗದರಿಸಿ ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗೆ ಡಾಕ್ಟರು ತಲೆ ಎತ್ತದೆ ಕೆಂಪು ಟಾನಿಕ್ ಬರೆದರು. ಹಸಿವಾಗಲು ಟಾನಿಕ್. ಅಕ್ಕನಿಗೆ ಹಸಿವಾಗುತ್ತಿತ್ತು ಸ್ವಾಮಿ, ಅದರ ಕುತ್ತಿಗೆ ಹಿಸುಕುವುದೇ ಅವಳ ದಿನದ ಕೆಲಸವಾಗಿತ್ತು. ಆ ಟಾನಿಕ್ಕನ್ನು ಯಾರು ಕುಡಿದರು ಎಂದು ಬೇಕಾದರೆ ಊಹಿಸಿಕೊಳ್ಳಿ.

ಕೆಲವು ವಾರದ ಮೇಲೆ ಕಡೂರಿನ ಖಾಸಗಿ ಡಾಕ್ಟರು. ಅವರು ಎದೆಯ ಎಕ್ಸ್‌ರೇ ತೆಗೆಸಿ ಟಿ.ಬಿ. ಇಲ್ಲ ಎಂದಾಗ ಅಪ್ಪ ಸಿಹಿ ಹಂಚುವಷ್ಟು ಖುಷಿಪಟ್ಟ. "ಇದೆಲ್ಲ ವಯಸ್ಸಿನ ಹಟ, ಮದುವೆ ಮಾಡಿ, ಸರಿಹೋಗುತ್ತೆ" ಎಂದರು ಡಾಕ್ಟರು. ಮದುವೆಯನ್ನು ಇಷ್ಟು ಧಾರಾಳವಾಗಿ ಬರೆದುಕೊಡುವ ಡಾಕ್ಟರುಗಳು ಆ ಔಷಧಿಯನ್ನು ತಮ್ಮ ಹೆಂಡಿರ ಮೇಲೆ ಪ್ರಯೋಗಿಸಿ ನೋಡಿರುತ್ತಾರೋ ಏನೋ.

ಅಜ್ಜಂಪುರಕ್ಕೆ ವಾಪಸು ಹೋಗಲು ಕಡೂರು ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅಕ್ಕ ಪ್ಲಾಟ್‌ಫಾರಂ ಮೇಲೆ ಕುಸಿದಳು. ಅಪ್ಪ ಓಡಿ ಎತ್ತಿಕೊಂಡ. ಜೀವಮಾನವೆಲ್ಲ ಬಟ್ಟೆಯ ಥಾನು ಎತ್ತಿ ಇಳಿಸಿದವನು. ಎತ್ತಿದವನು ಹಾಗೇ ನಿಂತುಬಿಟ್ಟ. "ಭಾರಾನೇ ಇಲ್ಲ ಕಣೇ" ಎಂದು ಅವ್ವನಿಗೆ ಹೇಳಿದ. ಮತ್ತೆ ಮತ್ತೆ ಅದನ್ನೇ ಹೇಳುತ್ತಾ ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಮ್ಮೂರಿನ ಕಡೆಯ ರೈಲು ಬಂದು ನಿಂತು ಹೋಯಿತು. ಅಪ್ಪ ಹತ್ತಲಿಲ್ಲ. ಎದುರು ದಿಕ್ಕಿನಿಂದ ಬೆಂಗಳೂರಿನ ರೈಲು ಬಂದಾಗ, ಉಟ್ಟ ಬಟ್ಟೆಯಲ್ಲೇ ನಾವೆಲ್ಲ ಅದಕ್ಕೆ ಹತ್ತಿದೆವು. ಆವತ್ತಿನ ಆ ಒಂದು ತೀರ್ಮಾನಕ್ಕಾಗಿ ಅಪ್ಪನ ಹಿಂದಿನ ದಡ್ಡತನದಲ್ಲಿ ಅರ್ಧದಷ್ಟನ್ನು ಮನ್ನಿಸಿದ್ದೇನೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಹಾಕಿ ಅಕ್ಕನ ಜೀವ ಉಳಿಸಿದರು. ಆಮೇಲೆ ಮನಸ್ಸಿನ ಕಾಯಿಲೆಯ ವಿಭಾಗಕ್ಕೆ ಕಳಿಸಿದರು. ಕಾಯಿಲೆಗೆ ಉದ್ದನೆಯ ಒಂದು ಇಂಗ್ಲಿಷ್ ಹೆಸರು ಹೇಳಿದರು. ಅಪ್ಪನಿಗೆ ಅಂಗಡಿ, ಅವ್ವನಿಗೆ ಮನೆ. ಜೊತೆಗೆ ಉಳಿಯಲು ಆರಿಸಿದ್ದು ನನ್ನನ್ನು. ಎಸ್ಸೆಸ್ಸೆಲ್ಸಿ ಒಂದು ವರ್ಷ ಹೋಯಿತು. ಹೋಗಲಿ ಬಿಡು ಎಂದರು ಎಲ್ಲರೂ, ಹೋದದ್ದು ಅವರದಲ್ಲವಲ್ಲ.

ಅಲ್ಲಿನ ಲೇಡಿ ಡಾಕ್ಟರು ಒಬ್ಬರು ನನ್ನನ್ನು ಒಂದು ಮಧ್ಯಾಹ್ನ ಕರೆಸಿ ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಊಟ ಹೇಗೆ ನಡೆಯುತ್ತದೆ ಹೇಳು ಎಂದರು. ನನ್ನನ್ನು ಏನನ್ನಾದರೂ ಕೇಳಿದ ಮೊದಲ ಮನುಷ್ಯರು. ನಾನು ಎಲ್ಲವನ್ನೂ ಹೇಳಿದೆ. ಅವರು ಮರುಕಪಡಲಿಲ್ಲ, ತಲೆ ಸವರಲಿಲ್ಲ.

"ಇನ್ಮೇಲೆ ಅಕ್ಕನ ತಟ್ಟೆ ಮುಟ್ಟಬೇಡ" ಎಂದರು. "ಅವಳ ಪಾಲು ಅವಳದು. ನಿನ್ನ ಪಾಲು ನಿನ್ನದು."

"ಪ್ರಸಾದ ಕೆಡುತ್ತೆ ಮೇಡಂ."

"ಕೆಡಲಿ" ಎಂದರು.

ಆ ಮಾತಿನಲ್ಲಿ ನನಗೆ ಸಿಕ್ಕಷ್ಟು ನೆಮ್ಮದಿ ಯಾವ ಮಠದಲ್ಲೂ ಸಿಕ್ಕಿಲ್ಲ. ಮುಟ್ಟದೆ ಇರುವುದು ಮಾತ್ರ ಸುಲಭವಿರಲಿಲ್ಲ. ನರ್ಸು ಆಚೆ ತಿರುಗಿದರೆ ಅಕ್ಕ ಇಡ್ಲಿಯನ್ನು ನನ್ನ ಚೀಲಕ್ಕೆ ತುರುಕುತ್ತಿದ್ದಳು. ನಾನು ತೆಗೆದು ಅವಳ ತಟ್ಟೆಗೇ ಇಡುತ್ತಿದ್ದೆ. "ನೀನೇ ಕಣೇ ನನ್ನ ಹಾಳು ಮಾಡಿದ್ದು" ಎಂದು ಹಲ್ಲು ಕಡಿದಳು, ದಿನಗಟ್ಟಲೆ ಮಾತು ಬಿಟ್ಟಳು. ಕಾಲಿಗೆ ಬೀಳುವವರ ನಡುವೆ ಕಣ್ಣು ಮುಚ್ಚಿ ಕೂತವಳು ಒಂದು ಇಡ್ಲಿಗಾಗಿ ನನ್ನ ತೋಳು ಪರಚಿದಳು. ನನಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಸಾಯಬಾರದು ಎಂದೂ ಅನಿಸುತ್ತಿತ್ತು, ಇವಳ ಕಾಟ ಸಾಕು ಎಂದೂ ಅನಿಸುತ್ತಿತ್ತು, ಎರಡೂ ಒಂದೇ ಗಳಿಗೆಯಲ್ಲಿ.

ಮೂಳೆಯ ಮೇಲೆ ಒಂದಿಷ್ಟು ಮಾಂಸ ಕೂಡಿದ ಮೇಲೆ ಊರಿಗೆ ಬಂದೆವು. ಕಾಲಿಗೆ ಬಿದ್ದಿದ್ದವರು ಬಾಗಿಲು ದಾಟಿ ಒಳಗೆ ಬರಲಿಲ್ಲ. ಶರಣೆ ಅನ್ನ ಉಣ್ಣುತ್ತಾಳೆ ಎಂದು ತಿಳಿದು ಅವರಿಗೆ ಮೋಸವಾದಂತಾಗಿತ್ತು. ತುಪ್ಪ ನಿಂತಿತು. "ಹುಚ್ಚಾಸ್ಪತ್ರೆಯಿಂದ ಬಂದೋಳು" ಎಂಬ ಮಾತು ಶುರುವಾಯಿತು. ಅದನ್ನು ಮೊದಲು ಹಚ್ಚಿದವಳು ಮಲ್ಲಮ್ಮತ್ತೆ ಎಂದು ನನಗೆ ಗೊತ್ತು. ಅಕ್ಕನಿಗೆ ಸಂಬಂಧ ಬರುವುದು ನಿಂತಿತು, ಆ ಮನೆಯ ರಕ್ತದಲ್ಲೇ ಇದೆಯಂತೆ ಎಂದು ನನಗೆ ಬರುವುದೂ ನಿಂತಿತು. ನನಗೇನೂ ಆಗಿರಲಿಲ್ಲ ಎನ್ನುವವರೇ ಹೀಗೂ ಹೇಳಿದರು. ಅಕ್ಕ ಎರಡು ಸಲ ಮತ್ತೆ ಜಾರಿದಳು, ಎರಡು ಸಲವೂ ಅಪ್ಪ ಯಾರನ್ನೂ ಕೇಳದೆ ಬೆಂಗಳೂರಿನ ರೈಲು ಹತ್ತಿಸಿದ.

ಇಂಥ ಮನೆಯ ಅಣ್ಣತಮ್ಮ ಅಕ್ಕತಂಗಿಯರು ಇದನ್ನು ಓದುತ್ತಿದ್ದರೆ ಅವರಿಗೆ ಹೇಳುವುದು ಒಂದೇ. ಕಾಯಿಲೆಯವರ ಮೇಲೆ ಸಿಟ್ಟು ಬಂದರೆ ಬರಲಿ ಬಿಡಿ. ತಾಳ್ಮೆಯ ಪಾಠ ಹೇಳುವವರು ಮೂರು ಹೊತ್ತು ಅವರ ಜೊತೆ ಊಟಕ್ಕೆ ಕೂತವರಲ್ಲ. ನಾನು ಸಿಟ್ಟು ಮಾಡಿಕೊಂಡೇ ಅಕ್ಕನ ಪಕ್ಕ ಕೂತೆ. ಎದ್ದು ಹೋಗಲಿಲ್ಲ, ಅಷ್ಟೇ ನನ್ನ ದೊಡ್ಡತನ.

ಎಂಬತ್ತರ ದಶಕ ಬಂತು. ಅಕ್ಕ ಟೀಚರ್ ಟ್ರೈನಿಂಗ್ ಮುಗಿಸಿ ತರೀಕೆರೆಯ ಒಂದು ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು. ನಾನು ಅಲ್ಲೇ ಕಾಲೇಜಿಗೆ ಸೇರಿದೆ. ಕೋಡಿಕ್ಯಾಂಪಿನ ಕಡೆ ಎರಡು ಕೋಣೆಯ ಬಾಡಿಗೆ ಮನೆ. ಡಾಕ್ಟರು ಹೇಳಿದ ನೇಮ ಅಲ್ಲಿಯೂ ನಡೆಯಿತು. ಅವಳ ರೊಟ್ಟಿ ಅವಳಿಗೆ, ನನ್ನದು ನನಗೆ. ಅವಳು ಔಷಧಿ ನುಂಗುವಂತೆ ಹೊತ್ತು ನೋಡಿಕೊಂಡು ತನ್ನ ಪಾಲು ಮುಗಿಸುತ್ತಿದ್ದಳು. ಬದುಕಿದ್ದಳು, ಅದೇ ಸಾಕು ಎಂದುಕೊಂಡಿದ್ದೆ. ಅವಳಿಗೆ ಊಟ ಎಂದಾದರೂ ಬೇಕೆನಿಸೀತು ಎಂಬ ಆಸೆಯನ್ನು ನಾನು ಯಾವಾಗಲೋ ಬಿಟ್ಟಿದ್ದೆ.

ಒಂದು ಭಾನುವಾರ ಜೋಳ ಬೀಸಿಸಲು ಗಿರಣಿಗೆ ಹೋದೆ. ಅಲ್ಲಿ ಕರೆಂಟು ಹೋಗಿ ಬರುವುದು ಬಹಳ ಹೊತ್ತಾಯಿತು. ಹಿಟ್ಟಿನ ಡಬ್ಬ ಹೊತ್ತು ಬಿಸಿಲಿನಲ್ಲಿ ನಡೆದು ಬರುವಾಗ ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನನ್ನ ರೊಟ್ಟಿ ಮತ್ತು ಬದನೆಕಾಯಿ ಪಲ್ಯವನ್ನು ಮುಚ್ಚಿಟ್ಟು ಹೋಗಿದ್ದೆ. ಮುಚ್ಚಳ ತೆಗೆದರೆ ಪಾತ್ರೆ ಖಾಲಿ.

"ನಾನು ತಿಂದೆ" ಎಂದಳು ಅಕ್ಕ, ಕಿಟಕಿಯ ಹತ್ತಿರ ಕೂತು. "ನಂದು ತಿಂದ್ಮೇಲೂ ಹಸಿವಾಯ್ತು ಕಣೇ."

ನಾನು ಸಂತೋಷದಿಂದ ಅವಳನ್ನು ತಬ್ಬಿಕೊಂಡೆ ಎಂದು ಬರೆಯಬೇಕಿತ್ತು. ನನಗೆ ಬಂದದ್ದು ಕೆಟ್ಟ ಸಿಟ್ಟು. ಕೇಳದೆ ತಿಂದೆಯಲ್ಲ, ನನಗೆ ಅಂತ ಇದ್ದದ್ದು ಅದೊಂದೇ, ನಾನು ಮನುಷ್ಯಳಲ್ಲವೇ ಎಂದು ಕೂಗಾಡಿದೆ. ಅವಳೂ ಬಿಡಲಿಲ್ಲ, ಎರಡು ರೊಟ್ಟಿಗೆ ಇಷ್ಟು ರಂಪ ಮಾಡ್ತೀಯಲ್ಲ ಎಂದಳು. ಗಲಾಟೆ ಕೇಳಿ ಮನೆಯ ಒಡತಿ ಬಾಗಿಲಿಗೆ ಬಂದರು.

"ಏನ್ರಮ್ಮಾ ಇದು?"

"ಏನಿಲ್ಲ ಕಣ್ರೀ" ಎಂದಳು ಅಕ್ಕ. "ಇವಳ ಊಟಾನ ನಾನು ತಿಂದ್ಬಿಟ್ಟೆ."

"ಓದಿದೋರು, ಕತ್ತೆ ವಯಸ್ಸಾಗಿದೆ, ಊಟಕ್ಕೆ ಕಿತ್ತಾಡ್ತೀರಲ್ರೇ" ಎಂದು ಅವರು ಛೀಮಾರಿ ಹಾಕಿ ಹೋದರು. ಜೀವನದಲ್ಲಿ ಯಾರ ತಾತ್ಸಾರವೂ ನನಗೆ ಅಷ್ಟು ಹಿತವಾಗಿ ಕೇಳಿಸಿಲ್ಲ.

ಅಕ್ಕ ಎದ್ದು ಒಲೆ ಹಚ್ಚಿದಳು. ನಾನು ತಂದ ಹಿಟ್ಟನ್ನು ಪರಾತಕ್ಕೆ ಸುರಿದು ಬಿಸಿನೀರು ಹಾಕಿದಳು. ಆಮೇಲೆ ತಲೆ ಎತ್ತಿ, "ನಿಂಗೆಷ್ಟು ಬೇಕು?" ಎಂದಳು.

ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಹೊಟ್ಟೆ ಎಷ್ಟು ಕೇಳುತ್ತಿದೆ ಎಂದು ಲೆಕ್ಕ ಹಾಕಿದೆ.

"ಎರಡು" ಎಂದೆ.

ಅವಳು ಎರಡೇ ತಟ್ಟಿದಳು.